ನವಿಲಿನ ತುರಾಯಿ

೧೯೩೮ರ ನವೆಂಬರ್ ಒಂಬತ್ತು, ಬುಧವಾರ ಬೆಳಗ್ಗೆ ವಸ್ತುಸಂಗ್ರಹಾಲಯದ ಮೇಲ್ವಿಚಾರಕ ಹನುಮಂತಪ್ಪ ಏದುಸಿರು ಬಿಡುತ್ತ ಧಾರವಾಡದ ಶಹರ ಠಾಣೆಗೆ ಬಂದರು.

"ಫೌಜದಾರ ಸಾಹೇಬ್ರ, ಮಕ್ತುಮಸಾಬರ ಚಿತ್ರದಾಗಿನ ನವಿಲಿನ ತುರಾಯಿ ಯಾರೋ ಕಿತ್ತುಕೊಂಡು ಹೋಗ್ಯಾರ್ರಿ!"

ಫೌಜದಾರ ಗುರುಶಿದ್ದಪ್ಪ ಚಹಾದ ಬಸಿ ಕೆಳಗಿಟ್ಟರು. "ತಲೀಮ್ಯಾಲಿನ ಆ ಝುಮಕಿನಾ?"

"ಅದು ಝುಮಕಿ ಅಂತ ನಿಮಗ ಹೆಂಗ ಗೊತ್ತ್ರಿ?"

"ಆದಿತ್ಯವಾರ ಬಂದಿದ್ದೆ. ನೀವು ಬಾಗಲಾ ಹಾಕೂತನಾ ಅದರ ಮುಂದನ ನಿಂತಿದ್ದೆ."

ಹುಬ್ಬಳ್ಳಿ ಕಮರಿಪೇಟೆಯ ಮಕ್ತುಮಸಾಬ ಕುಂಚ ಹಿಡಿದವರಲ್ಲ. ಚಿಂದಿ ಬಟ್ಟೆ, ಒಡೆದ ಬಳೆ, ಕಡ್ಡಿಪೆಟ್ಟಿಗೆಯ ಚಿತ್ರ, ಕೆಟ್ಟ ಗಡಿಯಾರದ ಚಕ್ರ ಹೀಗೆ ಜನ ಬಿಸಾಕಿದ್ದನ್ನೆಲ್ಲ ಹಲಗೆಗೆ ಅಂಟಿಸಿ ಚಿತ್ರ ಮಾಡುತ್ತಿದ್ದರು. ಅವರು ತೀರಿಕೊಂಡು ವರ್ಷವಾಗಿತ್ತು. ಕೊಂಡವರ ಮನೆಗಳಿಂದ ಎರವಲು ತಂದು, ಜೀವಮಾನದ ಕೆಲಸವನ್ನೆಲ್ಲ ಮೊದಲ ಸಲ ಸಂಗ್ರಹಾಲಯದಲ್ಲಿ ಒಂದೆಡೆ ತೂಗುಹಾಕಿದ್ದರು. ಗುರುಶಿದ್ದಪ್ಪ ಹುಬ್ಬಳ್ಳಿಯಲ್ಲಿ ನೌಕರಿಗಿದ್ದಾಗ ರಜೆಯ ದಿನ ಅವರ ಕಟ್ಟೆಯ ಮೇಲೆ ಕೂತು ಆ ಬೆರಳುಗಳನ್ನೇ ನೋಡುತ್ತಿದ್ದರು. ಈಗ ಫಿರ್ಯಾದಿ ಬರೆದುಕೊಳ್ಳುವಾಗ ಅವರಿಗೆ ತಮ್ಮ ಮನೆಯಲ್ಲೇ ಕಳುವಾದಷ್ಟು ಸಿಟ್ಟು ಬಂದಿತ್ತು.

ಕಲಂ ೩೭೯ರಡಿ ಎಫ್‌ಐಆರ್ ದಾಖಲಾಯಿತು. ಇಬ್ಬರು ಪಂಚರೆದುರು ಪಂಚನಾಮೆ ನಡೆಯಿತು. ನೀಲಿ ಬಟ್ಟೆಯ ಕುತ್ತಿಗೆ, ಹಸಿರು ಬಳೆಚೂರಿನ ಗರಿ ಎಲ್ಲ ನೆಟ್ಟಗಿದ್ದವು. ತಲೆಯ ಮೇಲೆ ಮಾತ್ರ ಅಂಟಿನ ಕಲೆ ಉಳಿದಿತ್ತು. ಕಿತ್ತವರು ಸುತ್ತಲಿನ ಒಂದು ಚೂರನ್ನೂ ಅಲುಗಿಸಿರಲಿಲ್ಲ. ಪೇದೆ ಮೈಲಾರಪ್ಪ ನೆಲದಿಂದ ಒಂದು ಉಕ್ಕಿನ ಮೊನೆ ಹೆಕ್ಕಿಕೊಟ್ಟ.

"ದಬ್ಬಣದ ತುದಿರಿ. ಕೌದಿ ಹೊಲಿಯೂ ದಬ್ಬಣ."

ಗುರುಶಿದ್ದಪ್ಪ ಕಾವಲುಗಾರನನ್ನು ಕರೆಸಿದರು. "ನಿನ್ನೆ ಇಲ್ಲಿ ಯಾರು ಬಂದಿದ್ರು?"

"ಒಬ್ಬಾಕಿ ಮುದುಕಿ ಭಾಳ ಹೊತ್ತು ಕುಂತಿದ್ಲರಿ. ಅಳಾಕತ್ತಿದ್ಲು."

"ಏನರ ಕೇಳಿದ್ಲ?"

"ಮಕ್ತುಮಸಾಬರ ಹೆಂಡ್ತಿ ಇನ್ನೂ ಅದಾರೇನು ಅಂದ್ಲು. ಅದಾರ, ಕಮರಿಪೇಟ್ಯಾಗ, ಕಣ್ಣು ಹೋಗ್ಯಾವ ಅಂದೆ. ನಾ ನೀರು ಕುಡದು ಬರೂದರಾಗ ಎದ್ದು ಹೋಗಿದ್ಲು."

ಮಧ್ಯಾಹ್ನದ ಗಾಡಿಗೆ ಗುರುಶಿದ್ದಪ್ಪ, ಮೈಲಾರಪ್ಪ ಇಬ್ಬರೂ ಹುಬ್ಬಳ್ಳಿಗೆ ಹೊರಟರು.

ಕಮರಿಪೇಟೆಯ ಮನೆಯ ಪಡಸಾಲೆಯಲ್ಲಿ ಮಕ್ತುಮಸಾಬರ ಹೆಂಡತಿ ಮೌಲಾಬಿ ಚಾಪೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಹಣೆಗೆ ವಿಭೂತಿ ಹಚ್ಚಿದ ಮತ್ತೊಬ್ಬ ಮುದುಕಿ. ಮೌಲಾಬಿಯ ಅಂಗೈಯಲ್ಲಿ ಝುಮಕಿ.

"ಕಾಕೂ, ನಾನು ಗುರುಶಿದ್ದಪ್ಪ."

"ದನಿ ಗೊತ್ತಾತು. ಬಾ ತಮ್ಮಾ."

ಮತ್ತೊಬ್ಬಳು ಎದ್ದು ನಿಂತಳು. "ಕಿತ್ತಾಕಿ ನಾನರಿ ಸಾಹೇಬ್ರ. ಆಕಿಗೆ ಏನೂ ಅನಬ್ಯಾಡ್ರಿ."

"ಹೆಸರು?"

"ದೇವಕ್ಕ. ಗಬ್ಬೂರಾಗ ಇರತೇನಿ. ಕೌದಿ ಹೊಲೀತೇನಿ. ಮೊದಲ ಇದ ಓಣ್ಯಾಗ ಇದ್ದೆ."

"ಯಾಕ ಬಿಟ್ರಿ?"

ಮೌಲಾಬಿಯೇ ಹೇಳಿದಳು. "ನಾನ ಬಿಡಿಸಿದೆ. ಈಕಿ ನಮ್ಮ ಮನ್ಯಾಗ ಕೌದಿ ಹೊಲಿದ ದಿನ ನನ್ನ ಝುಮಕಿ ಹೋತು. ಈಕಿನ ತಗೊಂಡಾಳ ಅಂತ ಓಣಿ ಮಂದಿ ಮುಂದ ಒದರಿದೆ. ಆಮ್ಯಾಲೆ ಯಾರೂ ಈಕೀನ ಮನಿಯೊಳಗ ಕರೀಲಿಲ್ಲ."

"ಮತ್ತ ಧಾರವಾಡಕ್ಕ ಯಾಕ ಹೋಗಿದ್ರಿ, ದೇವಕ್ಕಾರ?"

ಆ ಪ್ರಶ್ನೆಗೆ ದೇವಕ್ಕನ ಮುಖ ಅರಳಿತು. "ಕೌದಿ ಹೊಲಿದು ಉಳಿದ ಚಿಂದಿ ಎಲ್ಲಾ ಮಕ್ತುಮ ಕಾಕಾಗ ನಾನ ಕೊಡತಿದ್ದೆ. ಅವನ್ನ ಏನು ಮಾಡ್ಯಾರ ಅಂತ ಸಾಯೂದರಾಗ ಒಮ್ಮೆ ನೋಡಬೇಕಿತ್ತರಿ. ನವಿಲಿನ ಕುತ್ತಿಗಿ ನನ್ನ ನೀಲಿ ಇಳಕಲ್ ಸೀರಿ! ಎಷ್ಟು ಛಂದ ಮಾಡ್ಯಾರ! ಹಂಗ ನೋಡಕೋತ ನವಿಲಿನ ತಲಿಮ್ಯಾಲೆ ಕಣ್ಣು ಬಿತ್ತು. ಅಲ್ಲೆ ಈಕಿ ಝುಮಕಿ ಇತ್ತು."

"ಅಲ್ಲೆ ಸಂಗ್ರಹಾಲಯದ ಸಾಹೇಬರಿಗೆ ಹೇಳಬಹುದಿತ್ತಲ್ಲ?"

"ಕಣ್ಣಿಲ್ಲದಾಕಿಗೆ ಚಿತ್ರದಾಗ ಐತಿ ಅಂದ್ರ ನಂಬತಿದ್ಲೇನ್ರಿ? ಕೈಯಾಗ ಇಡಬೇಕಿತ್ತು."

ಮೌಲಾಬಿ ಝುಮಕಿಯನ್ನು ಹೆಬ್ಬೆರಳಿನಿಂದ ಸವರಿದಳು. "ನಂದ ಐತಿ ತಮ್ಮಾ. ಮುರಿದ ಕೊಂಡಿಗೆ ನನ್ನ ಅಮ್ಮಾ ಸುತ್ತಿಸಿದ ತಂತಿ ಹಂಗ ಐತಿ. ಕಸದಾಗ ಬಿದ್ದಿದ್ದನ್ನ ನಮ್ಮ ಮನಿಯವರು ಆರಿಸಿಕೊಂಡಿರಬೇಕು. ಆಗಲೇ ನನ್ನ ಕಣ್ಣು ಮಂಜಾಗಿದ್ವು, ಚಿತ್ರದಾಗ ಕಾಣಲಿಲ್ಲ. ಅವರಿಗೆ ಹೊಳದ್ರ ಸಾಕು, ಬಂಗಾರನೂ ಒಂದ, ಗಾಜೂ ಒಂದ. ನಾ ಅಳಾಕತ್ತಾಗ, 'ಎಂಥಾ ಝುಮಕಿ?' ಅಂತ ನನ್ನನ್ನ ಕೇಳಿದ್ರು. ಲಗ್ನದಾಗಿಂದ ಕಿವ್ಯಾಗ ಹಾಕ್ಕೊಂಡಿದ್ದೆ, ಒಂದಿನಾನೂ ನೋಡಿರಲಿಲ್ಲ ಪುಣ್ಯಾತ್ಮ!" ಅಂದವಳು ನಕ್ಕಳು, ನಗು ನಡುವೆಯೇ ಅಳುವಾಯಿತು. ದೇವಕ್ಕ ಅವಳ ಬೆನ್ನು ಸವರಿದಳು.

ಗುರುಶಿದ್ದಪ್ಪ ಟೊಪ್ಪಿಗೆ ಕೈಗೆತ್ತಿಕೊಂಡರು.

"ದೇವಕ್ಕಾರ, ಝುಮಕಿ ಇವರದ ಇರಬಹುದು. ಚಿತ್ರ ಮತ್ತೊಬ್ಬರದು. ನಿಮ್ಮನ್ನ ದಸ್ತಗಿರಿ ಮಾಡಬೇಕಾಗ್ತದ."

"ಮಾಡ್ರಿ. ನಡೀರಿ, ಬರತೇನಿ."

"ನಾನೂ ಬರತೇನಿ," ಅಂದಳು ಮೌಲಾಬಿ. ಗಾಡಿಯಲ್ಲಿ ಧಾರವಾಡ ಮುಟ್ಟುವವರೆಗೂ ಅವಳು ದೇವಕ್ಕನ ಕೈ ಬಿಡಲಿಲ್ಲ.

ಠಾಣೆಯಲ್ಲಿ ಝುಮಕಿ ಜಪ್ತಿಯಾಯಿತು. ಜಾಮೀನು ಯಾರೆಂದು ಮೈಲಾರಪ್ಪ ಕೇಳಿದ್ದೇ ತಡ, ಮೌಲಾಬಿ ಮೇಜು ತಡವಿ ಹೆಬ್ಬೆರಳು ಚಾಚಿದಳು.

"ಆರೋಪಿ ಓಡಿ ಹೋದ್ರ ನೀವು ಜವಾಬ್ದಾರಿ ನೋಡ್ರಿ, ಅಮ್ಮಾ. ಭರವಸಿ ಐತಿ?"

"ಐತಿ. ಆಕಿ ಅಂಥಾಕಿ ಅಲ್ಲ." ಮೌಲಾಬಿಯ ದನಿ ಗಟ್ಟಿಯಾಗಿತ್ತು. ಹೊರಗೆ ಕೂತಿದ್ದ ಮಂದಿಗೂ ಕೇಳಿಸಿತು. "ಬರಕೋ. ದೇವಕ್ಕ ಕಳ್ಳಿ ಅಲ್ಲ."

ದೇವಕ್ಕ ತಲೆ ಎತ್ತಲಿಲ್ಲ. ಗೆಳತಿಯ ಹೆಬ್ಬೆರಳಿನ ಮಸಿಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು.

ಮುಂದೆ ಚಿತ್ರದ ಮಾಲೀಕರು ಕೋರ್ಟಿನಲ್ಲಿ ರಾಜಿಯಾದರು. ದಸ್ತಗಿರಿಯ ದಿನದ ವರದಿಯಲ್ಲಿ ಅಪರಾಧದ ಕಾರಣ ಬರೆಯುವಲ್ಲಿ ಗುರುಶಿದ್ದಪ್ಪ ಎರಡು ಸಲ ಹೊಡೆದುಹಾಕಿ ಕೊನೆಗೆ ಹೀಗೆ ಬರೆದಿದ್ದರು: ಒಡವೆಯ ಆಸೆಯಿಂದಲ್ಲ, ಕಳೆದುಕೊಂಡವಳಿಗೆ ತನ್ನ ಕೈಯಿಂದಲೇ ಮುಟ್ಟಿಸಬೇಕೆಂದು.