ಹತ್ತಿರ ಹೋದರೆ ಮಾಯವಾಗುವ ಕೋಳಿಗಳು

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಚಿತ್ರಶಾಲೆಯ ಮೇಲ್ವಿಚಾರಕ ಠಾಣೆಗೆ ಬಂದು ದೂರು ಕೊಟ್ಟ. ಮರದ ನೆರಳಲ್ಲಿ ಮೇಯುವ ಕೋಳಿ, ಬಾತುಗಳ ತೈಲಚಿತ್ರ ಕಳುವಾಗಿತ್ತು. ಎಫ್‌ಐಆರ್ ದಾಖಲಾಯಿತು.

"ಎಂಥ ಚಿತ್ರ?" ಇನ್‌ಸ್ಪೆಕ್ಟರ್ ಕೇಳಿದರು.

"ಇಂಪ್ರೆಷನಿಸ್ಟ್ ಶೈಲಿ ಸಾರ್. ಹತ್ತಿರದಿಂದ ಬರೀ ಬಣ್ಣದ ಚುಕ್ಕೆ. ದೂರ ನಿಂತರೆ ಕೋಳಿ ಓಡಾಡ್ತವೆ."

"ನಮ್ಮ ಸಾಹೇಬ್ರ ಅಕ್ಷರದ ಥರ," ದಫೇದಾರ ಗೊಣಗಿದ.

ಚಿತ್ರಶಾಲೆಯ ಹಿಂಬಾಗಿಲ ಬೀಗ ಮುರಿದಿತ್ತು. ಆದರೆ ಕಳ್ಳ ಹೋಗುವಾಗ ಹೊರಗಿನಿಂದ ಚಿಲಕ ಹಾಕಿ, ಅದು ಜಾರದಂತೆ ತಂತಿ ಸುತ್ತಿದ್ದ. ಮೆಟ್ಟಿಲ ಮೇಲೆ ಬಿಳಿ ಹೆಜ್ಜೆಗಳು. ಸುಣ್ಣದ ಪುಡಿ.

"ಕದ್ದೋನು ಬಾಗಿಲು ಯಾಕೆ ಭದ್ರ ಮಾಡ್ತಾನೆ ಸಾರ್?"

"ಕೈಗೆ ಅಭ್ಯಾಸ ಕಣಯ್ಯ. ನಮ್ಮತ್ತೆ ಕೋಳಿಗೂಡಿಗೆ ಹೀಗೇ ಸುತ್ತೋರು, ನರಿ ನುಗ್ಗಬಾರದು ಅಂತ."

ಪಕ್ಕದ ಕ್ಯಾಂಟೀನಿನವಳನ್ನು ಕರೆಸಿದರು.

"ಮೊಟ್ಟೆ ಯಾರು ಹಾಕ್ತಾರಮ್ಮ?"

"ಕೋಳಿ ಹಾಕ್ತಿದ್ವು, ಮೊಟ್ಟೆಯಣ್ಣ ತರ್ತಿದ್ದ," ಎಂದು ನಕ್ಕವಳು ದನಿ ತಗ್ಗಿಸಿದಳು. "ಹಕ್ಕಿಜ್ವರ ಅಂತ ಪಶು ಇಲಾಖೆಯೋರು ಅಷ್ಟನ್ನೂ ಕೊಂದು, ಸುಣ್ಣ ಸುರಿದು ಹೂತರಲ್ಲ. ಆವತ್ತಿಂದ ಅವನ ಹೆಂಡ್ತಿ ಏನೂ ಮುಟ್ತಿಲ್ಲ. ಇನ್ನು ನಾಲ್ಕು ದಿನ ಹೀಗೇ ಇದ್ರೆ ಉಳಿಯಲ್ಲ ಸಾರ್."

ಸಂಜೆ ಪೊಲೀಸರು ಮೊಟ್ಟೆಯಣ್ಣನ ಅಂಗಳ ಹೊಕ್ಕರು. ನೆಲವೆಲ್ಲ ಸುಣ್ಣ. ಒಂದು ಗರಿಯೂ ಇಲ್ಲ. ಖಾಲಿ ಕೋಳಿಮನೆಯೊಳಗೆ ಚಿತ್ರ ಗೋಡೆಗೆ ಒರಗಿತ್ತು. ಅದರ ಮುಂದೆ ಕಾಳು ಚೆಲ್ಲಿತ್ತು. ಹೊಸ್ತಿಲಾಚೆ ಮೂಳೆ ಚಕ್ಕಳವಾದ ಹೆಂಗಸು ಹಾಲಿನ ಲೋಟ ಹಿಡಿದು ಕೂತಿದ್ದಳು. ದಫೇದಾರ ಒಳಗೆ ಕಾಲಿಟ್ಟ.

"ಹತ್ತಿರ ಹೋಗ್ಬೇಡಿ ಅಣ್ಣ. ಮಾಯ ಆಗ್ತವೆ," ಅಂದಳು ಅವಳು.

ಮೊಟ್ಟೆಯಣ್ಣ ಓಡಲಿಲ್ಲ. "ನಾನೇ ತಂದಿದ್ದು. ಇವತ್ತು ಹಾಲು ಕುಡೀತಿದ್ದಾಳೆ, ನೋಡಿ."

"ಕೇಳಿ ತರಬಾರದಿತ್ತಾ?"

"ಕೇಳ್ದೆ. ನಾಲ್ಕು ದಿನದ ಮಟ್ಟಿಗೆ ಕೊಡಿ ಅಂದೆ. ಕೋಳಿ ನಾತ, ಹೊರಗೆ ನಡಿ ಅಂದ ಆ ಮೇಲ್ವಿಚಾರಕ."

"ಕೋಳಿಗಳಿಗೆ ರೋಗ ಇತ್ತಾ?"

"ಪಕ್ಕದ ಫಾರ್ಮಿಗೆ ಬಂದಿತ್ತು. ನಮ್ಮವು ಚೆನ್ನಾಗೇ ಇದ್ವು. ಅವಳ ಮಡಿಲಲ್ಲಿ ಇದ್ದದ್ದನ್ನೂ ಕಿತ್ಕೊಂಡು ಗೋಣು ಮುರಿದ್ರು. ಆಮೇಲೆ ಪಂಚನಾಮೆ ಬರೆದ್ರು. ನೀವೂ ಬರ್ಕೊಳಿ."

ಇನ್‌ಸ್ಪೆಕ್ಟರ್ ಲೋಟ ಖಾಲಿಯಾಗುವವರೆಗೆ ಕಾದರು. ಆಮೇಲೆ ಜಪ್ತಿ ಪಂಚನಾಮೆ ಬರೆದರು. ಕಳವಿಗೆ ಕಾರಣ: ಹೆಂಡತಿ ಊಟ ಮಾಡಲೆಂದು.

ಚಿತ್ರಕ್ಕೆ ಬಟ್ಟೆ ಸುತ್ತಿ ಹೊರಗೆ ತಂದರು. ಅದು ಪಕ್ಕದಲ್ಲೇ ಹಾದುಹೋದರೂ ಅವಳು ತಲೆಯೆತ್ತಲಿಲ್ಲ. ಕೋಳಿಗಳು ಇನ್ನೂ ಅಲ್ಲೇ ಮೇಯುತ್ತಿರುವಂತೆ ಕೋಳಿಮನೆಯ ಖಾಲಿ ಗೋಡೆಯನ್ನೇ ನೋಡುತ್ತಿದ್ದಳು.

ಮೊಟ್ಟೆಯಣ್ಣ ಬೇಡಿಗೆ ಕೈ ಚಾಚಿದ. ಮತ್ತೆ ಹಿಂದೆಗೆದುಕೊಂಡ.

"ಒಂದು ನಿಮಿಷ ಸಾರ್."

ತಿರುಗಿ ಹೋಗಿ ಖಾಲಿ ಕೋಳಿಮನೆಯ ಚಿಲಕ ಹಾಕಿದ. ಜಾರದಂತೆ ತಂತಿ ಸುತ್ತಿದ.