ದೀಪಕ್ಕಿಟ್ಟ ಎಣ್ಣೆ

ಬಣ್ಣ ನೋಡಿ ಎಣ್ಣೆಗೆ ಮರುಳಾಗಬೇಡಿ ಎಂದು ಮೂವತ್ತು ಜನರಿಗೆ ಒಂದು ಗಂಟೆ ಪಾಠ ಮಾಡಿದವಳು ನಾನು. ಪಾಠ ಮುಗಿದ ಐದೇ ನಿಮಿಷಕ್ಕೆ ಒಂದು ಬಾಟಲಿಯ ಬಣ್ಣ ನೋಡಿ ಹೊಟ್ಟೆ ಉರಿದುಕೊಂಡವಳೂ ನಾನೇ.

ಟೆಕ್ಸಸ್ ರಾಜ್ಯದ ಆಸ್ಟಿನ್ನಿನ ಕನ್ನಡದವರು ಸೇರಿ ದ ಡೊಮೇನ್ ಎಂಬ ಮಾಲ್‌ನಲ್ಲಿ ಆಲಿವ್ ಎಣ್ಣೆಯ ರುಚಿ ನೋಡುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅಕ್ಟೋಬರ್ ಕೊನೆಯ ಶನಿವಾರ. ಹ್ಯೂಸ್ಟನ್‌ನ ಲ್ಯಾಬ್ ಒಂದರಲ್ಲಿ ಎಣ್ಣೆಯ ಬಣ್ಣ, ಗುಣ ಅಳೆಯುವುದು ನನ್ನ ಕೆಲಸ, ಹಾಗಾಗಿ ಪಾಠ ನನ್ನ ಪಾಲಿಗೆ ಬಂದಿತ್ತು. ಎಲ್ಲರ ಮುಂದೂ ಕಡುನೀಲಿ ಗಾಜಿನ ಪುಟ್ಟ ಲೋಟ. ಒಳಗಿನ ಎಣ್ಣೆಯ ಬಣ್ಣ ಕಾಣಬಾರದು ಎಂದೇ ಅದು ನೀಲಿ.

"ಹಸಿರಿದ್ರೆ ಒಳ್ಳೇದು, ಹಳದಿ ಇದ್ರೆ ಸಪ್ಪೆ ಅನ್ಕೊಳ್ತೀವಿ," ಎಂದೆ. "ಕಾಯಿ ಜೊತೆ ಒಂದಿಷ್ಟು ಎಲೆ ಸೇರಿಸಿ ಅರೆದ್ರೂ ಎಣ್ಣೆ ಹಸಿರಾಗತ್ತೆ. ರುಚಿ ನೋಡೋರಿಗೆ ಹೆಸರು, ಊರು, ಬಣ್ಣ ಯಾವುದೂ ಗೊತ್ತಿರಬಾರದು."

ಕೊನೆಯ ಸಾಲಿನಲ್ಲಿ ಚಿದಾನಂದ್ ತಲೆ ಬಗ್ಗಿಸಿ ಇದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಇದನ್ನೂ ಬರೆದುಕೊಳ್ಳುತ್ತಾರಾ ಯಾರಾದರೂ! ನನಗೆ ನಗು ಬಂತು. ಅವನು ತಲೆಯೆತ್ತಿ ನಕ್ಕಾಗ ಮುಂದಿನ ವಾಕ್ಯ ಮರೆತುಹೋಯಿತು.

ಧಾರವಾಡದವನು. ಮನೆ ಆಸ್ಟಿನ್ ಪಕ್ಕದ ಲಿಯಾಂಡರ್‌ನಲ್ಲಿ, ಕೆಲಸ ಅಲ್ಲಿಂದ ಮುಕ್ಕಾಲು ಗಂಟೆ ದೂರದ ಆಲಿವ್ ಮಿಲ್ಲಿನಲ್ಲಿ. ಎಣ್ಣೆ ತೆಗೆದ ಮೇಲೆ ಮಿಲ್ಲಿನಲ್ಲಿ ಹಿಂಡಿ ಉಳಿಯುತ್ತದೆ, ಜೊತೆಗೆ ಕಪ್ಪು ನೀರು. ಆ ನೀರನ್ನು ಹಾಗೆಯೇ ನೆಲಕ್ಕೆ ಬಿಟ್ಟರೆ ಹುಲ್ಲೂ ಸುಟ್ಟುಹೋಗುತ್ತದೆ, ವಾಸನೆಯಂತೂ ಮೈಲಿ ದೂರ ಹೊಡೆಯುತ್ತದೆ. ಸುಣ್ಣ ಹಾಕಿ, ಗಾಳಿ ಊದಿ, ಜೊಂಡು ಬೆಳೆಸಿದ ಹೊಂಡಗಳಲ್ಲಿ ಹಾಯಿಸಿ ಅದನ್ನು ಮತ್ತೆ ಮರಕ್ಕೆ ಉಣಿಸುವಷ್ಟು ಶುದ್ಧ ಮಾಡಲು ಮೂರು ವರ್ಷದಿಂದ ಒದ್ದಾಡುತ್ತಿದ್ದ. ಅವನ ಉಗುರಿನ ಸಂದಿ ಸದಾ ನೇರಳೆ ಹಣ್ಣು ಹಿಚುಕಿದವನ ಹಾಗೆ ಕಪ್ಪು.

ನಮ್ಮ ಲ್ಯಾಬಿನಲ್ಲಿ ನೀರಿನ ಪರೀಕ್ಷೆಯೂ ಇದೆ, ಆ ನೀರಿನ ಸ್ಯಾಂಪಲ್ ಹಿಡಿದು ತಿಂಗಳಿಗೊಮ್ಮೆ ಅಲ್ಲಿಗೆ ಬರುತ್ತಿದ್ದ. ಮೂರು ಗಂಟೆಯ ಡ್ರೈವ್.

"ಕೊರಿಯರ್ ಮಾಡಬಹುದಲ್ವಾ?" ಎಂದು ಒಮ್ಮೆ ಕೇಳಿದ್ದೆ.

"ಕೊರಿಯರ್ ಮಾಡಿದ್ರ ನಿಮ್ ಜೋಡಿ ಚಾ ಕುಡ್ಯಾಕ ಆಗಂಗಿಲ್ರಿ," ಎಂದಿದ್ದ. ಒಂದು ವರ್ಷದಿಂದ ಆ ಒಂದು ಮಾತಿನ ಮೇಲೆ ನಾನು ಜೀವ ಹಿಡಿದುಕೊಂಡಿದ್ದೆ. ಅದಕ್ಕಿಂತ ಮುಂದಕ್ಕೆ ಅವನೂ ಬರಲಿಲ್ಲ, ನಾನೂ ಹೋಗಲಿಲ್ಲ.

ಅವತ್ತು ಅವನ ಪಕ್ಕದಲ್ಲಿ ಪ್ರಿಯಂವದಾ ಕೂತಿದ್ದಳು. ಡಲ್ಲಾಸ್ ಪಕ್ಕದ ಮೆಕಿನ್ನಿಯಿಂದ ಬಂದವಳು, ಅಲ್ಲೇ ಹತ್ತಿರದ ಪ್ಲೇನೋದಲ್ಲಿ ಎಣ್ಣೆ ಮತ್ತು ಸಾಬೂನಿನ ದೊಡ್ಡ ಅಂಗಡಿ ಇಟ್ಟಿದ್ದಾಳೆ. ನೋಡಲು ಚೆನ್ನಾಗಿದ್ದಳು. ಬರೆಯಲು ಮನಸ್ಸಾಗದಷ್ಟು ಚೆನ್ನಾಗಿದ್ದಳು. ಒಳ್ಳೆಯ ಆಲಿವ್ ಎಣ್ಣೆ ಗಂಟಲಲ್ಲಿ ಮೆಣಸಿನ ಹಾಗೆ ಖಾರ; ಅದಕ್ಕೆ ಅವಳಿಗೆ ಕೆಮ್ಮು ಬಂತು, ಅವನು ನೀರು ಕೊಟ್ಟ. ಅವಳು ನೀರು ಕುಡಿದು ಅವನ ತೋಳಿನ ಮೇಲೆ ಕೈಯಿಟ್ಟಳು. ಕೆಮ್ಮು ನಿಂತ ಮೇಲೂ ಕೈ ಅಲ್ಲೇ ಇತ್ತು.

ಎಲ್ಲ ಮುಗಿದ ಮೇಲೆ ಚಿದಾನಂದ್ ಚೀಲದಿಂದ ಎರಡು ಬಾಟಲಿ ತೆಗೆದ. ಒಂದು ಉದ್ದನೆಯದು, ಕುತ್ತಿಗೆಗೆ ರಿಬ್ಬನ್, ಒಳಗೆ ಗಿಳಿಹಸಿರು ಎಣ್ಣೆ. "ಮೇಡಂ, ಇದು ನಿಮಗ," ಎಂದು ಪ್ರಿಯಂವದಾಳ ಕೈಗಿತ್ತ. ಇನ್ನೊಂದು ಔಷಧಿ ಸೀಸೆಯಂಥ ಗಿಡ್ಡ ಬಾಟಲಿ. ಲೇಬಲ್ ಇಲ್ಲ, ಎಣ್ಣೆ ತಿಳಿಹಳದಿ. ಅದನ್ನು ನನ್ನ ಕೈಗಿಟ್ಟ.

"ಇದು ನಿಮಗ್ರಿ. ರುಚಿ ನೋಡಿ ಹೇಳ್ರಿ."

"ಯಾವುದಿದು?"

"ಅದೊಂದು ಮಾತ್ರ ಹೇಳಂಗಿಲ್ರಿ," ಎಂದು ನನ್ನ ಕಣ್ಣಲ್ಲಿ ಕಣ್ಣಿಟ್ಟು ನಕ್ಕ.

ನಾನು ನಗಲಿಲ್ಲ. ಡಬ್ಬಿಯ ತಳದಲ್ಲಿ ಉಳಿದದ್ದನ್ನು ಬಗ್ಗಿಸಿ ತಂದಿದ್ದಾನೆ ಅನಿಸಿತು.

"ಚಿದು, ನನ್ನ ಆಫರ್ ಮರೀಬೇಡಿ," ಎಂದಳು ಪ್ರಿಯಂವದಾ. "ಡಲ್ಲಾಸ್‌ಗೆ ಶಿಫ್ಟ್ ಆಗೋದು ಯಾವಾಗ ಅಂತ ಹೇಳ್ಬಿಡಿ, ಅಷ್ಟೇ."

ಚಿದು! ಒಂದು ವರ್ಷವಾದರೂ ನಾನಿನ್ನೂ 'ಚಿದಾನಂದ್ ಅವ್ರೇ' ಅನ್ನುವುದರಲ್ಲೇ ಇದ್ದೆ.

ಹ್ಯೂಸ್ಟನ್ ತಲುಪುವವರೆಗೂ ಆ ಹಳದಿ ಬಾಟಲಿ ಕಾರಿನ ಕಪ್ ಹೋಲ್ಡರ್‌ನಲ್ಲಿ ಕೂತು ನನ್ನನ್ನೇ ಅಣಕಿಸಿತು. ಮೈಸೂರಿನ ನಮ್ಮ ಮನೆಯಲ್ಲಿ ಒಂದು ಪದ್ಧತಿ. ವಾಸನೆ ಬಂದ ಎಣ್ಣೆ, ಯಾರೋ ಕೊಟ್ಟ ಬೇಡದ ಎಣ್ಣೆ, ಒಗ್ಗರಣೆಗೆ ಒಗ್ಗದ ಎಣ್ಣೆ, ಎಲ್ಲವನ್ನೂ ಅಮ್ಮ ದೀಪಕ್ಕೆ ಎತ್ತಿಡುತ್ತಾಳೆ. ನಾನೂ ಅದನ್ನೇ ಮಾಡಿದೆ. ಒಂದು ಹನಿ ನಾಲಿಗೆಗೆ ಮುಟ್ಟಿಸದೆ ದೇವರ ಗೂಡಿನಲ್ಲಿ, ಬೆಳ್ಳಿ ದೀಪದ ಪಕ್ಕ ಇಟ್ಟೆ. ದಿನಾ ಬೆಳಿಗ್ಗೆ ಅದರಿಂದಲೇ ದೀಪ ಹಚ್ಚಿದೆ. ದೇವರು ಕ್ಷಮಿಸಲಿ, ಅದರಲ್ಲಿ ಭಕ್ತಿಗಿಂತ ಸಿಟ್ಟೇ ಜಾಸ್ತಿ ಇತ್ತು.

ಮೂರನೇ ದಿನ ಮೆಸೇಜ್ ಬಂತು: "ರುಚಿ ನೋಡಿದ್ರಿ?" "ಲ್ಯಾಬಲ್ಲಿ ಬಿಜಿ" ಎಂದು ಬರೆದೆ. ಮುಂದಿನ ವಾರ: "ಟೈಮ್ ಸಿಕ್ಕಾಗ ನೋಡ್ರಿ, ಅವಸರ ಇಲ್ಲ." ಇದಕ್ಕೆ ಉತ್ತರವನ್ನೇ ಕೊಡಲಿಲ್ಲ. ಆಮೇಲೆ ಪ್ರಿಯಂವದಾ ತನ್ನ ಅಂಗಡಿಯ ದೀಪಾವಳಿ ಫೋಟೋಗಳನ್ನು ಹಾಕಿದಳು. ಒಂದರಲ್ಲಿ ಚಿದಾನಂದ್ ಅವಳ ಪಕ್ಕ ಕೂತಿದ್ದ. ಅವಳು ಕ್ಯಾಮೆರಾ ನೋಡುತ್ತಿದ್ದಳು, ಅವನು ಕೈಯಲ್ಲಿದ್ದ ಫೋನ್ ನೋಡುತ್ತಿದ್ದ. ಅವಳೇ ಕಳಿಸಿದ ಫೋಟೋ ನೋಡುತ್ತಿರಬೇಕು ಎಂದುಕೊಂಡು ಅವತ್ತು ಊಟ ಬಿಟ್ಟೆ. ಝೂಮ್ ಮಾಡಿ ಮಾಡಿ ಇಬ್ಬರ ಕುರ್ಚಿಯ ನಡುವಿನ ಅಂತರ ಅಳೆದೆ. ಅಳೆಯುವುದೇ ನನ್ನ ಕಸುಬು ತಾನೇ.

ಡಿಸೆಂಬರ್‌ನ ಮೊದಲ ಭಾನುವಾರ ಬೆಳಿಗ್ಗೆ ಅವನು ಫೋನ್ ಮಾಡಿದ. "ಹ್ಯೂಸ್ಟನ್‌ಗೆ ಬಂದೀನ್ರಿ. ಮೆಕಿನ್ನಿಗೆ ಹೋಗೂಕಿಂತ ಮೊದ್ಲು ಒಮ್ಮೆ ನಿಮ್ಮನ್ನ ಭೇಟಿ ಆಗ್ಬೇಕಿತ್ತು."

ಹಾಗಾದರೆ ಅವಳ ಕಡೆಗೇ ಹೊರಟಿದ್ದಾನೆ. ಬನ್ನಿ ಎಂದೆ.

ಹನ್ನೊಂದು ಗಂಟೆಗೆ ಬಂದ. ಶೂ ಬಿಚ್ಚಿ ಒಳಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟ. ಹಾಲಿನ ಮೂಲೆಯ ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ಆ ಗಿಡ್ಡ ಬಾಟಲಿ, ತಳದಲ್ಲಿ ಎರಡು ಚಮಚೆಯಷ್ಟು ಹಳದಿ ಎಣ್ಣೆ.

"ದೀಪಕ್ಕ ಹಾಕೀರಿ?" ಎಂದ. ಧ್ವನಿ ತೀರ ಮೆತ್ತಗಿತ್ತು.

ನಾನು ಹೂಂ ಎಂದೆ.

"ನಮ್ಮಜ್ಜ ದಾನಪ್ಪಂದು ಕುಸುಬಿ ಎಣ್ಣಿ ಗಾಣ ಇತ್ರಿ. ಪ್ರತಿ ವರ್ಷ ಮೊದಲನೇ ಎಣ್ಣಿ ಯಾರೂ ಮುಟ್ಟತಿದ್ದಿಲ್ಲ. ನಮ್ಮವ್ವ ಅದನ್ನ ದೀಪಕ್ಕ ಹಾಕಿದ ಮ್ಯಾಲನ ಉಳದದ್ದು ಅಡಗಿಗೆ." ಅವನ ಕಣ್ಣು ಒದ್ದೆಯಾಗಿತ್ತು. "ನಿಮಗ ಹೆಂಗ ತಿಳೀತ್ರಿ ಇದು ಮೊದಲನೇ ಎಣ್ಣಿ ಅಂತ? ನಾ ಹೇಳಿರಲಿಲ್ಲಲಾ."

"ಯಾವುದರ ಮೊದಲ ಎಣ್ಣೆ?"

"ಶುದ್ಧ ಮಾಡಿದ ಕಪ್ಪು ನೀರು ಉಣಿಸಿದ್ದು ಹನ್ನೆರಡು ಮರಕ್ರಿ. ಈ ವರ್ಷನ ಮೊದಲ ಸಲ ಕಾಯಿ ಹಿಡದಿದ್ದು. ಪೂರ್ತಿ ಮಾಗಾಕ ಬಿಟ್ಟೆ, ಅದಕ್ಕ ಬಣ್ಣ ಹಳದಿ. ಒಂದು ಎಲಿ ಸೈತ ಸೇರಬಾರದಂತ ನಾನ ಕೂತು ಆರಿಸೀನಿ. ಮೊದಲ ಬಾಟ್ಲಿ ನಿಮಗ ತಂದೆ. ರುಚಿ ನೋಡೋರಿಗೆ ಏನೂ ಹೇಳಬಾರದಂತ ನೀವ ಹೇಳಿದ್ರಲಾ, ಅದಕ್ಕ ಬಾಯಿ ಬಿಡಲಿಲ್ಲ."

"ಮತ್ತೆ ಆ ಹಸಿರು?"

"ಅದಾ? ಅವರ ಗಿರಾಕಿಗೆ ಹಸಿರ ಬೇಕಂತ. ಮಿಲ್ಲಿನವ್ರು ಎಲಿ ಹಾಕಿ ಅರದು ಕೊಟ್ಟ ಸ್ಯಾಂಪಲ್ರಿ."

ನಾನು ಸುಮ್ಮನಿದ್ದರೆ ಸಾಕಿತ್ತು. ಅವನ ದೃಷ್ಟಿಯಲ್ಲಿ ದೇವತೆಯೇ ಆಗಿಬಿಡುತ್ತಿದ್ದೆ. ಆದರೆ ಒದ್ದೆ ಕಣ್ಣಿನ ಆ ಮನುಷ್ಯನಿಗೆ ಸುಳ್ಳು ರಿಪೋರ್ಟ್ ಕೊಡಲು ನನ್ನಿಂದ ಆಗಲಿಲ್ಲ.

"ಚಿದಾನಂದ್ ಅವ್ರೇ, ನಾನು ಅದನ್ನ ಗೌರವಕ್ಕೆ ಇಡ್ಲಿಲ್ಲ. ಸಿಟ್ಟಿಗೆ ಇಟ್ಟೆ. ನಮ್ಮನೇಲಿ ತಿನ್ನೋಕಾಗದ ಎಣ್ಣೇನ ದೀಪಕ್ಕೆ ಹಾಕ್ತೀವಿ. ಅವಳಿಗೆ ಹಸಿರು ಕೊಟ್ರಿ, ನನಗೆ ಹಳದಿ ಕೊಟ್ರಿ ಅಂತ ಹೊಟ್ಟೆಕಿಚ್ಚು ಪಟ್ಟೆ. ರುಚೀನೂ ನೋಡ್ಲಿಲ್ಲ."

ಅವನು ಸೋಫಾದ ಅಂಚಿನಲ್ಲಿ ಕೂತು ತನ್ನ ಕಪ್ಪು ಉಗುರುಗಳನ್ನು ನೋಡಿಕೊಂಡ.

"ನಾ ಬ್ಯಾರೆ ತಿಳ್ಕೊಂಡಿದ್ದೆ," ಎಂದ ಕೊನೆಗೆ. "ಮೂರು ವರ್ಷ ಆ ವಾಸನಿಯೊಳಗ ಇದ್ದು ನನ್ನ ಮೂಗು ಸತ್ತೈತ್ರಿ. ಎಣ್ಣಿಯೊಳಗ ಆ ವಾಸನಿ ಐತೋ ಇಲ್ಲೋ ನನಗ ತಿಳಿಯಂಗಿಲ್ಲ. ನೀವು ಸುಮ್ನಾದ್ರಿ. ಚಲೋ ಇಲ್ಲಂತ ಹೇಳಾಕ ಸಂಕೋಚ ಆಗಿರಬೇಕು ಅನ್ಕೊಂಡೆ. ಎಣ್ಣಿನೂ ಬ್ಯಾಡ, ನಾನೂ ಬ್ಯಾಡ ಅಂತ. ಅದಕ್ಕ ಪ್ರಿಯಂವದಾ ಮೇಡಂ ಸಾಬೂನಿನ ಕೆಲಸಕ್ಕ ಕರದಾಗ ಬರ್ತೀನಿ ಅನ್ನೂಣು ಅಂತ ಮಾಡೀನಿ. ಇವತ್ತು ಉತ್ತರ ಕೊಡಬೇಕು."

ನಾನು ಎದ್ದು ಅಡುಗೆಮನೆಗೆ ಹೋದೆ. ಕಾರ್ಯಕ್ರಮದಲ್ಲಿ ಉಳಿದಿದ್ದ ನೀಲಿ ಲೋಟವೊಂದು ನನ್ನ ಬಳಿ ಇತ್ತು. ಬಾಟಲಿಯಿಂದ ಒಂದು ಚಮಚೆ ಬಗ್ಗಿಸಿ, ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿದೆ. ಅವನು ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ. 

ಮೂಸಿದೆ. ಸೊರ್ರೆಂದು ಗಾಳಿಯ ಜೊತೆ ಎಳೆದುಕೊಂಡೆ. ಕಣ್ಣು ಮುಚ್ಚಿದೆ.

"ಹೇಳ್ರಿ, ಲಗೂನ."

"ಮೇಲ್ಮೇಲೆ ಸ್ವಲ್ಪ ಕಮಟು. ಅದು ನನ್ನ ತಪ್ಪು, ಐದು ವಾರ ದೀಪದ ಬಿಸಿಗೆ ಇಟ್ಟಿದ್ದೆ. ಅದರ ಕೆಳಗೆ ಬಾದಾಮಿ. ಆಮೇಲೆ ಒಂಚೂರು ಕಹಿ." ಅಷ್ಟರಲ್ಲಿ ಖಾರ ಗಂಟಲಿಗಿಳಿದು ಕೆಮ್ಮು ಬಂತು. ಒಂದಲ್ಲ, ಮೂರು ಸಲ. ಒಳ್ಳೆಯ ಎಣ್ಣೆಗೆ ಕೆಮ್ಮುವುದೇ ಮರ್ಯಾದೆ ಎಂದು ನಾನೇ ಅವತ್ತು ಹೇಳಿಕೊಟ್ಟಿದ್ದೆ.

"ಕಪ್ಪು ನೀರಿನ ವಾಸನಿ?"

"ಇಲ್ಲ. ಚೂರೂ ಇಲ್ಲ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ನಗು ಕೇಳಿತು, ಅಳುವೂ ಕೇಳಿತು. ನಾನು ಪಕ್ಕದಲ್ಲಿ ಕೂತೆ. ಪ್ರಿಯಂವದಾ ಕೈಯಿಟ್ಟಿದ್ದ ಅದೇ ತೋಳಿನ ಮೇಲೆ ಬೇಕೆಂದೇ ನನ್ನ ಕೈಯಿಟ್ಟೆ.

"ಹೋಗ್ಬೇಡಿ," ಎಂದೆ. "ಇದು ಎಣ್ಣೆ ಮಾತಲ್ಲ. ನೀವಂದ್ರೆ ನನಗಿಷ್ಟ. ಒಂದು ವರ್ಷದಿಂದ."

"ಹದಿಮೂರು ಸ್ಯಾಂಪಲ್ ತಂದೀನ್ರಿ ನಾನು," ಎಂದ. "ಅದರಾಗ ಒಂಬತ್ತು ಬೇಕಾಗಿದ್ದಿಲ್ಲ."

ಆಗಲೇ ಅವನ ಫೋನ್ ಬಡಿದುಕೊಂಡಿತು. ಪ್ರಿಯಂವದಾ. ಸ್ಪೀಕರ್‌ಗೆ ಹಾಕಿ ಎಂದೆ. ನನ್ನ ಹೊಟ್ಟೆಕಿಚ್ಚು ಅಷ್ಟು ಬೇಗ ಆರುವಂಥದ್ದಲ್ಲ.

"ಮೇಡಂ, ನಾ ಬರಂಗಿಲ್ರಿ. ಮಿಲ್ಲಿನಾಗ ಇರ್ತೀನಿ."

ಆ ಕಡೆ ಅವಳು ನಕ್ಕಳು. "ಅಂದ್ರೆ ನಿಮ್ಮ ಲ್ಯಾಬ್ ಮೇಡಂ ರಿಪ್ಲೈ ಮಾಡಿದ್ರು ಅನ್ನಿ! ದೀಪಾವಳಿ ದಿನ ಪೂರ್ತಿ ನನ್ನ ಅಂಗಡೀಲಿ ಕೂತು ಫೋನ್ ನೋಡ್ಕೊಂಡೇ ಇದ್ರಲ್ಲ. ಫೋಟೋಗೂ ತಲೆ ಎತ್ತಲಿಲ್ಲ ಮಾರಾಯ್ರೆ."

ಅವನ ಕಿವಿ ಕೆಂಪಾಯಿತು. ಊಟ ಬಿಟ್ಟು ನೋಡಿದ್ದ ಆ ಫೋಟೋ ನೆನಪಾಗಿ ನನಗೆ ನಾಚಿಕೆಯಾಯಿತು.

ಬಾಟಲಿಯಲ್ಲಿ ಇನ್ನೊಂದು ಚಮಚೆ ಉಳಿದಿತ್ತು. ದೀಪ ಸಣ್ಣಗಾಗಿತ್ತು. ಹೊಸ ಬತ್ತಿ ಹೊಸೆದು, ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಈ ಸಲ ಅವನ ಅವ್ವ ಹಾಕುತ್ತಿದ್ದ ಹಾಗೆ ಹಾಕಿದೆ.

"ಮಿಲ್ಲಿನಾಗ ಇನ್ನ ಎರಡು ಲೀಟರ್ ಐತ್ರಿ, ಕತ್ತಲಾಗ ಇಟ್ಟೀನಿ," ಎಂದ.

"ಲ್ಯಾಬಿಗೆ ಅರ್ಧ ಲೀಟರ್ ಸಾಕು. ಉಳಿದಿದ್ದು ನಮ್ಮ ಅಡುಗೆಗೆ," ಎಂದೆ. "ಅದರಲ್ಲಿ ಒಂದು ಹನೀನೂ ಡಲ್ಲಾಸ್ ಕಡೆ ಹೋಗ್ಬಾರ್ದು."