ಕೆಂಪು ಬಟ್ಟೆಯ ಕಡ್ಡಿಗಳು

"ರೀ, ನಿಲ್ಲಿಸಿ! ಸೈಕಲ್‌ನಿಂದ ಇಳೀರಿ ಮೊದಲು!"

ಅವನು ಗಾಬರಿಯಿಂದ ಬ್ರೇಕ್ ಹಿಡಿದ. ಹಿಂದಿನ ಚಕ್ರ ಮರಳಿನಲ್ಲಿ ಜಾರಿ ಅರ್ಧ ಸುತ್ತು ತಿರುಗಿತು. ಇನ್ನೇನು ಬಿದ್ದೇಬಿಡುತ್ತಿದ್ದ.

ಬೀಳಲಿ, ಅಂದುಕೊಂಡಳು ಅವಳು.

ನಾಲ್ಕು ದಿನದಿಂದ ನೋಡುತ್ತಿದ್ದಾಳೆ. ಬೆಳಿಗ್ಗೆ ಸರಿಯಾಗಿ ಏಳೂವರೆಗೆ ಬರುತ್ತಾನೆ. ಬೇರೆಯವರೆಲ್ಲ ಕಡಲು ನೋಡುತ್ತಾ, ಹಾಡು ಗುನುಗುತ್ತಾ ಈ ದಾರಿ ದಾಟಿ ಹೋಗುತ್ತಾರೆ. ಇವನು ಮಾತ್ರ ಎರಡನೇ ತಿರುವಿನಲ್ಲಿ ನಿಲ್ಲುತ್ತಾನೆ. ಚೈನ್ ನೋಡುವವನಂತೆ ಬಗ್ಗುತ್ತಾನೆ. ಆದರೆ ಕಣ್ಣು ಚೈನ್ ಮೇಲೆ ಇದ್ದರೆ ಕೇಳಿ!

"ಬುಟ್ಟೀಲಿ ಏನಿದೆ?"

"ಏನಿಲ್ಲ ಮೇಡಂ... ಅಂದ್ರೆ, ಇದೆ."

"ಇದೆಯೋ ಇಲ್ವೋ?"

ಹ್ಯಾಂಡಲ್‌ಗೆ ಸಿಕ್ಕಿಸಿದ ಬುಟ್ಟಿಯೊಳಗೆ ಮೆತ್ತಗಿನ ಬಿಳಿ ಬಟ್ಟೆ ನಾಲ್ಕು ಮಡಿಕೆಯಾಗಿ ಹಾಸಿತ್ತು. ಕದ್ದ ಮೊಟ್ಟೆ ಒಡೆಯದ ಹಾಗೆ ಸಾಗಿಸಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಉಂಟೇ? ಅವಳು ಬಟ್ಟೆ ಸರಿಸಿದಳು.

ನಾಲ್ಕು ಬನ್ನು. ಇನ್ನೂ ಬಿಸಿ ಆರಿರಲಿಲ್ಲ.

"ನಮ್ಮದೇ ಬೇಕರಿ," ಅಂದ ಅವನು, ಕಿವಿ ಕೆಂಪಾಗಿಸಿಕೊಂಡು. "ಒಂದು ತಗೊಳ್ಳಿ ಮೇಡಂ."

"ನಾನು ಡ್ಯೂಟೀಲಿದ್ದೀನಿ. ಹೊರಡಿ. ಇಲ್ಲಿ ನಿಲ್ಲೋ ಹಾಗಿಲ್ಲ."

ಹೊರಟ. ಹೋಗುವಾಗ ಒಮ್ಮೆ ತಿರುಗಿ ನೋಡಿದ. ಅವಳ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಬೇಕರಿಯವನಂತೆ! ಮೊಟ್ಟೆಯ ಅಗತ್ಯ ಬೇಕರಿಯವನಿಗಿಂತ ಹೆಚ್ಚು ಇನ್ಯಾರಿಗೆ?

ಕಡಲ ತೀರದ ಈ ಸಂರಕ್ಷಿತ ಪ್ರದೇಶದಲ್ಲಿ ಗೂಡು ಕಾಯುವುದು ಅವಳ ಕೆಲಸ. ಮರದ ಮೇಲಿನ ಗೂಡಲ್ಲ. ಗುಬ್ಬಿಗಿಂತ ಒಂಚೂರು ದೊಡ್ಡದಾದ ಒಂದು ಹಕ್ಕಿ ಇಲ್ಲಿನ ಬಯಲು ಮರಳಿನಲ್ಲೇ ಸಣ್ಣ ಗುಳಿ ಮಾಡಿ ಮೊಟ್ಟೆ ಇಡುತ್ತದೆ. ಮೊಟ್ಟೆಗೂ ಮರಳಿನದೇ ಬಣ್ಣ. ಕಾಲ ಬುಡದಲ್ಲಿದ್ದರೂ ಕಾಣುವುದಿಲ್ಲ.

ಯಾರೂ ತುಳಿಯದಿರಲಿ ಎಂದು ಪ್ರತಿ ಗೂಡಿನ ಪಕ್ಕದಲ್ಲಿ ಅವಳು ಒಂದು ಕಡ್ಡಿ ನೆಡುತ್ತಿದ್ದಳು. ತುದಿಗೆ ಕೆಂಪು ಬಟ್ಟೆಯ ಚೂರು. ಈ ಉಪಾಯ ಅವಳದೇ. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಈ ವರ್ಷ ಇಪ್ಪತ್ತೊಂದು ಗೂಡು. ಎರಡೇ ವಾರದಲ್ಲಿ ಆರು ಖಾಲಿ! ಗಾಳಿ ಗುಡಿಸಿದ ಮರಳಿನ ಮೇಲೆ ಮನುಷ್ಯರ ಹೆಜ್ಜೆಯ ಗುರುತೂ ಇಲ್ಲ.

ಹಿರಿಯ ಅಧಿಕಾರಿ ಕರೆಸಿ ಹೇಳಿದ್ದರು. "ಸೈಕಲ್‌ನೋರಲ್ಲೇ ಯಾರೋ ಕದೀತಿದ್ದಾರೆ. ಈ ಭಾನುವಾರದೊಳಗೆ ಯಾರು ಅಂತ ಹೇಳು. ಇಲ್ಲಾಂದ್ರೆ ಸೈಕಲ್ ದಾರಿ ಪೂರ್ತಿ ಮುಚ್ಚಿಸಿಬಿಡ್ತೀನಿ."

ದಾರಿ ಮುಚ್ಚಿದರೆ ಗೇಟಿನ ಬಳಿ ಚಿಕ್ಕಮ್ಮ ಇಟ್ಟಿರುವ ಬಾಡಿಗೆ ಸೈಕಲ್ ಅಂಗಡಿಯೂ ಮುಚ್ಚಿದಂತೆ. ತಾಯಿ ಇಲ್ಲದ ತನ್ನನ್ನು ಚಿಕ್ಕಮ್ಮ ಸಾಕಿದ್ದು ಅದೇ ಅಂಗಡಿಯಿಂದ. ಪಂಚರ್ ಹಾಕುತ್ತಲೇ ಮಗ್ಗಿ ಹೇಳಿಕೊಟ್ಟವಳು ಅವಳು.

"ಆ ಬೇಕರಿ ಹುಡುಗನ್ನ ಹಿಡಿದು ಬುಟ್ಟಿ ಜಾಲಾಡಿದ್ಯಂತೆ?" ಚಿಕ್ಕಮ್ಮ ಟ್ಯೂಬ್ ಅನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಾ ಕೇಳಿದಳು.

"ಅವನ ಮೇಲೆ ಅನುಮಾನ ಇದೆ ಚಿಕ್ಕಮ್ಮ."

"ನಿನಗೆ ಯಾರ ಮೇಲಿಲ್ಲ ಹೇಳು? ಹಾಲಿನವನ ಮೇಲೂ ಇದೆ, ನನ್ನ ತೂಕದ ಯಂತ್ರದ ಮೇಲೂ ಇದೆ."

"ಯಂತ್ರದ ಮೇಲೆ ಅನುಮಾನ ಇರೋದು ನಿನಗೆ, ತೂಕ ಜಾಸ್ತಿ ತೋರಿಸುತ್ತೆ ಅಂತ!"

ಚಿಕ್ಕಮ್ಮ ನಕ್ಕಳು. ಅವಳು ನಗಲಿಲ್ಲ. ಹೋದ ವರ್ಷ ಒಬ್ಬ ಫೋಟೋಗ್ರಾಫರ್ ಬಂದಿದ್ದ. ಬೆಣ್ಣೆಯಂಥ ಮಾತು. ಅವಳ ಕೆಲಸ ಹೊಗಳಿದ, ಕಣ್ಣು ಹೊಗಳಿದ. ನಂಬಿ ಒಂದು ಗೂಡು ತೋರಿಸಿದ್ದಳು. ಬೆಳಕು ಚೆನ್ನಾಗಿಲ್ಲವೆಂದು ಅವನು ಮೊಟ್ಟೆಗಳನ್ನೇ ಎತ್ತಿ ಬೇರೆ ಕಡೆ ಇಟ್ಟು ಫೋಟೋ ತೆಗೆದು ಹೋದ. ತಾಯಿ ಹಕ್ಕಿ ಮತ್ತೆ ಬರಲೇ ಇಲ್ಲ. ಅವನೂ ಬರಲಿಲ್ಲ.

ಅಂದಿನಿಂದ ಯಾರಾದರೂ ಮೃದುವಾಗಿ ಮಾತಾಡಿದರೆ ಅವಳಿಗೆ ಭಯವಾಗುತ್ತಿತ್ತು.

ಬೇಕರಿಯವನು ಮರುದಿನವೂ ಬಂದ. ಅದರ ಮರುದಿನವೂ. ಅವಳು ಅವನ ಹಿಂದೆಯೇ ಸೈಕಲ್ ತುಳಿಯತೊಡಗಿದಳು. ಕಾವಲಿಗೆ! ಬೇರೆ ಯಾವ ಕಾರಣಕ್ಕೂ ಅಲ್ಲ!

ದಾರಿಯ ಒಂದು ಬದಿಗೆ ಜೌಗು ನೆಲದ ಹುಲ್ಲು, ಇನ್ನೊಂದು ಬದಿಗೆ ಮರಳು, ಅದರಾಚೆ ಕಡಲು. ಎದುರುಗಾಳಿ ಬಂದಾಗ ಅವನು ವೇಗ ಕಡಿಮೆ ಮಾಡಿ ಗಾಳಿಗೆ ಅಡ್ಡವಾಗಿ ಮುಂದೆ ಇರುತ್ತಿದ್ದ. ಅವಳಿಗೆ ತುಳಿಯುವುದು ಹಗುರವಾಗಲಿ ಎಂದು. ಅದು ಗೊತ್ತಾದ ದಿನ ಅವಳ ಎದೆಯಲ್ಲಿ ಏನೋ ಕರಗಿತು.

ಬೇಡ... ಇದೂ ಬೆಣ್ಣೆಯೇ ಇರಬಹುದು, ಎಂದು ತನಗೆ ತಾನೇ ಗದರಿಕೊಂಡಳು.

"ಮೇಡಂ, ಆ ಕೆಂಪು ಬಟ್ಟೆ ಇರೋ ಕಡೆಯೆಲ್ಲಾ ಗೂಡು ಇದ್ಯಾ?" ಒಂದು ದಿನ ಕೇಳಿದ.

ಅವಳ ಕಾಲು ಪೆಡಲ್ ಮೇಲೆ ನಿಂತುಹೋಯಿತು. "ನಿಮಗ್ಯಾಕೆ ಅದು?"

"ಸುಮ್ನೆ ಕೇಳ್ದೆ. ನಿಮಗೊಂದು ವಿಷಯ ಹೇಳ್ಬೇಕಿತ್ತು..."

"ಗೂಡಿನ ವಿಷಯ ನನ್ನ ಹತ್ರ ಮಾತಾಡ್ಬೇಡಿ."

ಅವನು ಪೆಡಲ್ ತುಳಿದು ಮುಂದೆ ಹೋದ. ಆ ವಾರ ಇನ್ನೂ ಮೂರು ಗೂಡು ಖಾಲಿಯಾದವು. ಶುಕ್ರವಾರದ ಹೊತ್ತಿಗೆ ಉಳಿದದ್ದು ಹನ್ನೆರಡು.

ಆ ಶುಕ್ರವಾರವೇ ಅವಳು ಬೇಕೆಂದೇ ತಡವಾಗಿ, ಹುಲ್ಲಿನ ಮರೆಯಲ್ಲಿ ನಡೆದು ಬಂದಳು. ಎರಡನೇ ತಿರುವಿನಲ್ಲಿ ಸೈಕಲ್ ಒರಗಿಸಿತ್ತು. ಅವನು ಮರಳಿನ ಮಧ್ಯದಲ್ಲಿದ್ದ. ಗೂಡುಗಳ ಮಧ್ಯದಲ್ಲಿ! ಕೈಯಲ್ಲಿ ಅವಳ ಕಡ್ಡಿಗಳು. ಒಂದು, ಎರಡು, ಮೂರು.

ಅವಳು ಮರೆಯಿಂದ ಹೊರಗೆ ಬಂದಳು.

"ಇದಕ್ಕಾ ದಿನಾ ಬರ್ತಿದ್ದಿದ್ದು?"

ಅವನು ಬೆಚ್ಚಿ ತಿರುಗಿದ. "ಮೇಡಂ, ಕೇಳಿ ಇಲ್ಲಿ, ನಾನು ಮೊಟ್ಟೆ ಮುಟ್ಟಿಲ್ಲ. ಈ ಕಡ್ಡಿ ಇದೆಯಲ್ಲ..."

"ಮಾತಾಡ್ಬೇಡಿ! ನಿಮ್ಮನ್ನ ನಂಬೋಕೆ ಶುರು ಮಾಡಿದ್ದೆ ನಾನು. ಗೊತ್ತಾ ನಿಮಗೆ? ನಂಬೋಕೆ ಶುರು ಮಾಡಿದ್ದೆ!"

ಅವನು ಅವಳ ಮುಖ ನೋಡಿದ. ಕಡ್ಡಿಗಳನ್ನು ಅವಳ ಕೈಗೆ ಕೊಟ್ಟ.

"ದೂರು ಕೊಡಿ, ಪರವಾಗಿಲ್ಲ. ಒಂದೇ ಒಂದು ಕೇಳ್ಕೋತೀನಿ. ಇದನ್ನ ಈ ಮೂರು ಗೂಡಿಗೆ ಮತ್ತೆ ನೆಡಬೇಡಿ. ನಾಳೆ ಬೆಳಿಗ್ಗೆ ನೋಡಿ, ಆಮೇಲೆ ಬೇಕಾದಷ್ಟು ಬೈಯಿರಿ."

ಕಳ್ಳನ ಮಾತು ಯಾರು ಕೇಳುತ್ತಾರೆ? ಅವಳು ದೂರು ಬರೆದಳು. ಸಂಜೆಯ ಹೊತ್ತಿಗೆ ಗೇಟಿನ ಬೋರ್ಡಿನಲ್ಲಿ ಅವನ ಫೋಟೋ ಬಿತ್ತು. ಮೊಟ್ಟೆ ಕಳ್ಳತನದ ಆರೋಪ, ಪ್ರವೇಶ ನಿಷೇಧ. ಭಾನುವಾರಕ್ಕೆ ಮೊದಲೇ ಕಳ್ಳ ಸಿಕ್ಕಿದ್ದ, ದಾರಿ ಉಳಿದಿತ್ತು. ಆದರೂ ಅವಳಿಗೆ ಊಟ ಸೇರಲಿಲ್ಲ.

ಕಡ್ಡಿಗಳನ್ನು ಅವಳು ಮತ್ತೆ ನೆಟ್ಟಳು. ಎರಡು ಗೂಡು ಸಿಕ್ಕವು. ಮೂರನೆಯದು ಎಷ್ಟು ಹುಡುಕಿದರೂ ಸಿಗಲಿಲ್ಲ. ಎಲ್ಲಿ ತುಳಿದುಬಿಡುತ್ತೇನೋ ಎಂಬ ಹೆದರಿಕೆಗೆ ಕೈಬಿಟ್ಟಳು.

ಶನಿವಾರ ಬೆಳಿಗ್ಗೆ ಬೈನಾಕ್ಯುಲರ್ ಹಿಡಿದು ಹುಲ್ಲಿನಲ್ಲಿ ಕೂತಳು. ಏಳೂವರೆ ಆಯಿತು. ಸೈಕಲ್ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ದಾರಿ ನೋಡಿದಳು.

ಬಂದದ್ದು ಒಂದು ಕಾಗೆ.

ಅದು ಗೂಡು ಹುಡುಕಲಿಲ್ಲ. ನೇರವಾಗಿ ಬಂದು ಕೆಂಪು ಬಟ್ಟೆಯ ಕಡ್ಡಿಯ ಪಕ್ಕದಲ್ಲಿ ಇಳಿಯಿತು. ತಲೆ ಓರೆ ಮಾಡಿ ಕಡ್ಡಿಯ ಸುತ್ತ ಎರಡು ಹೆಜ್ಜೆ ಕುಪ್ಪಳಿಸಿತು. ಒಂದು ಮೊಟ್ಟೆ ಕಚ್ಚಿಕೊಂಡು ಹಾರಿತು. ಮತ್ತೆ ಬಂತು, ಇನ್ನೊಂದು. ಅವಳು ಕಿರುಚುತ್ತಾ ಓಡುವಷ್ಟರಲ್ಲಿ ಎರಡನೇ ಕಡ್ಡಿಯ ಬಳಿ ಮತ್ತೊಂದು ಕಾಗೆ ಇಳಿದಿತ್ತು.

ಎರಡೂ ಗೂಡು ಖಾಲಿ!

ಅವಳು ಖಾಲಿ ಗುಳಿಯ ಪಕ್ಕ ಮಂಡಿಯೂರಿದಳು. ಆಗ ಹತ್ತು ಅಡಿ ದೂರದಲ್ಲಿ ಮರಳಿನ ಒಂದು ಚೂರು ಕಣ್ಣು ಮಿಟುಕಿಸಿತು. ನಿನ್ನೆ ಸಿಗದ ಮೂರನೇ ಗೂಡು. ಕಡ್ಡಿಯಿಲ್ಲದ ಗೂಡು. ತಾಯಿ ಹಕ್ಕಿ ಮೊಟ್ಟೆಗಳ ಮೇಲೆ ನೆಮ್ಮದಿಯಾಗಿ ಕೂತಿತ್ತು.

ನಾನೇ... ಪ್ರತಿಯೊಂದು ಗೂಡಿಗೂ ಗುರುತು ನೆಟ್ಟು ಕಾಗೆಗೆ ದಾರಿ ತೋರಿಸಿದವಳು ನಾನೇ! ಅವನು ಹೇಳಲು ಬಂದಾಗ ಬಾಯಿ ಮುಚ್ಚಿಸಿದವಳೂ ನಾನೇ!

ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಎದ್ದು ಒಂದೊಂದೇ ಕಡ್ಡಿ ಕಿತ್ತಳು.

ಅಧಿಕಾರಿಯ ಮೇಜಿನ ಮೇಲೆ ಆ ಕಡ್ಡಿಗಳ ಕಟ್ಟು ಇಟ್ಟಾಗ ಅವರಿಗೆ ನಂಬಿಕೆ ಬರಲಿಲ್ಲ. ಅವಳು ನೋಡಿದ್ದನ್ನು ನೋಡಿದ ಹಾಗೇ ಹೇಳಿದಳು.

"ತಪ್ಪು ನಂದು ಸರ್. ದಾರಿ ಮುಚ್ಚಬೇಡಿ. ಶಿಕ್ಷೆ ಏನಿದ್ರೂ ನನಗೆ ಕೊಡಿ."

ಅವರು ಕಟ್ಟನ್ನು ಪಕ್ಕಕ್ಕೆ ಸರಿಸಿದರು. "ದಾರಿ ಇರ್ಲಿ. ಉಳಿದ ಹತ್ತು ಗೂಡನ್ನ ಕಡ್ಡಿ ಇಲ್ದೆ ಕಾಯಿ, ಅದೇ ನಿನಗೆ ಶಿಕ್ಷೆ," ಅಂದರು ಕೊನೆಗೆ.

ಬೇಕರಿ ಪೇಟೆಯ ಮೂಲೆಯಲ್ಲಿತ್ತು. ಶನಿವಾರ ಮಧ್ಯಾಹ್ನವಾದರೂ ಒಬ್ಬ ಗಿರಾಕಿಯೂ ಇಲ್ಲ. ಗಾಜಿನ ಕಪಾಟಿನಲ್ಲಿ ಬ್ರೆಡ್ಡು ಸಾಲಾಗಿ ಹಾಗೇ ಉಳಿದಿತ್ತು. ಸುದ್ದಿ ಅವಳಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿತ್ತು.

ಗಲ್ಲಾದಲ್ಲಿದ್ದ ಹೆಂಗಸು ಅವಳ ಸಮವಸ್ತ್ರವನ್ನು ಮೇಲಿಂದ ಕೆಳಗೆ ನೋಡಿದರು. ಮೂಗು ನೋಡಿದರೇ ಸಾಕು, ಅವನ ತಾಯಿ.

"ಓಹೋ, ನೀನೇನಾ ಆ ಹುಡುಗಿ? ನನ್ನ ಮಗ ಮೊಟ್ಟೆ ಕಳ್ಳನಾ? ಇರುವೆ ಸಿಕ್ರೆ ಹಿಟ್ಟಿನ ಮೂಟೇನೇ ಪಕ್ಕಕ್ಕೆ ಸರಿಸ್ತಾನೆ ಕಣಮ್ಮಾ ಅವನು!"

"ಅವರದ್ದೇನೂ ತಪ್ಪಿಲ್ಲಮ್ಮ. ಅದನ್ನ ಹೇಳೋಕೇ ಬಂದೆ." ಅವಳು ಕೈಮುಗಿದಳು. "ನಿಮ್ಮ ಹತ್ರಾನೂ ಕ್ಷಮೆ ಕೇಳ್ಬೇಕು ನಾನು."

ತಾಯಿಯ ಮುಖ ಸಡಿಲವಾಯಿತು. ಒಳಗಿನ ಬಾಗಿಲ ಕಡೆ ಗಲ್ಲ ತಿರುಗಿಸಿದರು. "ನನಗೆ ಆಮೇಲೆ ಹೇಳು. ಮೊದಲು ಅವನಿಗೆ ಹೇಳು, ಹೋಗು. ಬೆಳಿಗ್ಗೆಯಿಂದ ಒಂದೇ ಹಿಟ್ಟು ನಾದ್ತಾ ಕೂತಿದ್ದಾನೆ."

ಅವನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದ. ಅವಳನ್ನು ಕಂಡು ಕೈ ನಿಂತಿತು. ಮುಖ ಮಾತ್ರ ಅರಳಲಿಲ್ಲ.

"ನೋಡಿದ್ರಾ?"

"ನೋಡ್ದೆ." ಅವಳು ತಲೆ ತಗ್ಗಿಸಿದಳು. "ನೀವು ಕಡ್ಡಿ ತೆಗೆದ ಗೂಡಲ್ಲಿ ಒಂದು ಉಳಿದಿದೆ. ನಾನು ಹಟಕ್ಕೆ ಬಿದ್ದು ಮತ್ತೆ ನೆಟ್ಟಿದ್ದು ಎರಡೂ ಹೋದವು."

ಅವನು ಕಣ್ಣು ಮುಚ್ಚಿಕೊಂಡ. ತನ್ನ ಅವಮಾನಕ್ಕಿಂತ ಆ ಎರಡು ಗೂಡಿಗೆ ನೋಯುತ್ತಿದ್ದಾನೆ ಎಂದು ಅವಳಿಗೆ ಅರ್ಥವಾಯಿತು. ಇಂಥವನನ್ನು...!

"ಬೋರ್ಡಿಂದ ನಿಮ್ಮ ಫೋಟೋ ತೆಗೆದೆ. ಆ ಜಾಗದಲ್ಲಿ ನನ್ನ ತಪ್ಪನ್ನ ಬರೆದು, ಕೆಳಗೆ ನನ್ನ ಸಹಿ ಹಾಕಿದ್ದೀನಿ. ಬಂದೋರೆಲ್ಲ ಓದ್ತಿದ್ದಾರೆ."

"ಅಯ್ಯೋ, ಅದ್ಯಾಕೆ ಮಾಡೋಕೆ ಹೋದ್ರಿ?"

"ನಿಮ್ಮ ಹೆಸರು ಹಾಳು ಮಾಡಿದ್ದು ಎಲ್ಲರ ಎದುರಿಗೆ. ಕ್ಷಮೆ ಮಾತ್ರ ಗುಟ್ಟಾಗಿ ಕೇಳಿದ್ರೆ ಸರೀನಾ?"

ಅವನು ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿದ. "ನಂದೂ ತಪ್ಪಿದೆ. ನಿಮ್ಮನ್ನ ಕೇಳ್ದೆ ಕಡ್ಡಿಗೆ ಕೈ ಹಾಕಬಾರದಿತ್ತು. ನೀವು ಅಷ್ಟು ಕಷ್ಟಪಟ್ಟು ನೆಟ್ಟಿದ್ದನ್ನ ತಪ್ಪು ಅಂತ ಹೇಳೋಕೆ ಬಾಯಿ ಬರಲಿಲ್ಲ."

"ಅದಿರ್ಲಿ. ನಾನು ಮೂರು ಹೊತ್ತೂ ಅಲ್ಲೇ ಇರೋಳು. ನನಗೆ ಕಾಣದ ಕಾಗೆ ನಿಮಗೆ ಹೇಗೆ ಕಾಣಿಸ್ತು?"

ಅವನ ಕಿವಿ ಮತ್ತೆ ಕೆಂಪಾಯಿತು.

"ಹೇಳಿ."

"ಆ ತಿರುವಲ್ಲಿ ನಿಂತ್ರೆ ನೀವು ಕೂರೋ ಜಾಗ ಕಾಣುತ್ತೆ. ನಿಮ್ಮನ್ನ ನೋಡೋಕೇ ನಿಲ್ತಿದ್ದೆ." ಅವನು ಉಸಿರೆಳೆದುಕೊಂಡ. "ನೀವು ನನ್ನ ಕಡೆ ತಿರುಗಿದ ತಕ್ಷಣ ಹೆದರಿಕೆಯಾಗಿ ಬೇರೆ ಎಲ್ಲಾದ್ರೂ ನೋಡ್ಬೇಕಲ್ಲ... ಎದುರಿಗೆ ಕಾಗೆ ಇತ್ತು. ಕಾಗೇನ ನೋಡ್ತಿದ್ದೆ."

ಅವಳಿಗೆ ನಗು ಬಂತು, ಅಳುವೂ ಬಂತು. ಅವಳು ಮುಖ ಆಚೆ ತಿರುಗಿಸಿದಳು.

"ಮೇಡಂ, ಕೋಪ ಬಂತಾ?"

"ಮೇಡಂ ಅನ್ಬೇಡಿ ಇನ್ನು." ಅವಳು ಕೆನ್ನೆ ಒರೆಸಿಕೊಂಡಳು. "ನನಗೂ ನೀವು ಇಷ್ಟ. ನಿನ್ನೆ ಅಷ್ಟು ಕೂಗಾಡಿದ್ದು ಮೊಟ್ಟೆಗೋಸ್ಕರ ಮಾತ್ರ ಅಲ್ಲ. ನೀವೂ ಸುಳ್ಳಾದ್ರಿ ಅಂತ ಎದೆ ಒಡೆದುಹೋಯ್ತು."

ಅವನು ಒಂದು ಹೆಜ್ಜೆ ಹತ್ತಿರ ಬಂದ. ಹಿಟ್ಟಿನ ಕೈ ನೆನಪಾಗಿ ಅಲ್ಲೇ ನಿಂತ. ಅವಳೇ ಆ ಕೈ ಹಿಡಿದುಕೊಂಡಳು.

"ನಾಳೆ ಬರ್ತೀರಾ? ಹತ್ತು ಗೂಡಿದೆ, ಒಂದಕ್ಕೂ ಗುರುತಿಲ್ಲ. ನನ್ನೊಬ್ಬಳ ಕಣ್ಣು ಸಾಲದು."

"ಬರ್ತೀನಿ. ಆದ್ರೆ ನನ್ನ ಮೇಲೆ ಅನುಮಾನ ಪೂರ್ತಿ ಹೋಯ್ತಾ?"

ಅವಳು ಒಂದು ಕ್ಷಣ ಯೋಚಿಸಿದಳು. ಸುಳ್ಳು ಹೇಳುವ ಮನಸ್ಸಾಗಲಿಲ್ಲ.

"ಪೂರ್ತಿ ಇಲ್ಲ. ನನ್ನ ಸ್ವಭಾವಾನೇ ಹಾಗೆ. ಇನ್ನೂ ಸ್ವಲ್ಪ ದಿನ ನಿಮ್ಮ ಮೇಲೆ ಒಂದು ಕಣ್ಣಿಟ್ಟಿರ್ತೀನಿ."

"ಸ್ವಲ್ಪ ದಿನ ಸಾಲದು," ಅಂದ ಅವನು. "ಅಲ್ದೆ, ಒಂದೇ ಕಣ್ಣು ಯಾಕೆ? ಎರಡೂ ಇಡಿ."